ನಡತೆಯೂ ನೀತಿವಿಚಾರವೂ

ನಮ್ಮ ಬಾಲಿಕಾ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ನೀತಿಬೋಧೆಯೆಂಬ ಒಂದು ಪಾಠವು ಬಹುಕಾಲದಿಂದ ನಡೆದುಬಂದಿರುವುದನ್ನು ಈ ಸ್ಮರಣಸಂಚಿಕೆಯ ವಾಚಕರೆಲ್ಲರೂ ಬಲ್ಲರು. ಸುಳ್ಳಾಡಬಾರದು, ಹಿರಿಯರನ್ನು ಗೌರವಿಸಬೇಕು, ಕೊಟ್ಟ ಮಾತಿಗೆ ತಪ್ಪಬಾರದು, ಪರರ ಸೊತ್ತಿಗೆ ಆಶೆಪಡಬಾರದು ಎಂಬಿವೇ ಮೊದಲಾದ ವಿಷಯಗಳು ಆ ಪಾಠದಲ್ಲಿ ಹೇಳಲ್ಪಡುತ್ತವೆ. ಅದೇ ವಿದ್ಯಾರ್ಥಿನಿಯು ಮುಂದೆ ಕಾಲೇಜನ್ನು ಸೇರಿ ತತ್ತ್ವಶಾಸ್ತ್ರವನ್ನು ಓದಲು ತೊಡಗಿದರೆ ಅಲ್ಲಿ ನೀತಿಶಾಸ್ತ್ರವೆಂಬ ಇನ್ನೊಂದು ಪಾಠವು ಎದುರಾಗುತ್ತದೆ. ಹೆಸರನ್ನು ಕೇಳಿ, ಹಳೆಯ ನೀತಿಬೋಧೆಯೇ ದೊಡ್ಡ ಪುಸ್ತಕವಾಗಿ ಬಂದಿರಬೇಕೆಂದು ಆಕೆ ಎಣಿಸುವಳು. ಪುಸ್ತಕವನ್ನು ತೆರೆದು ನೋಡಿದರೆ ಸುಳ್ಳಾಡಬಾರದೆಂಬ ಉಪದೇಶವು ಅಲ್ಲಿ ಕಾಣದು. ಸುಳ್ಳಾಡಬಾರದೇಕೆ ಎಂಬ ಪ್ರಶ್ನೆಯಿದೆ, ಆ ಪ್ರಶ್ನೆಗೆ ನಾಲ್ವರು ಪಂಡಿತರು ಕೊಟ್ಟ ನಾಲ್ಕು ಬಗೆಯ ಉತ್ತರಗಳಿವೆ, ಒಬ್ಬರ ಉತ್ತರವನ್ನು ಇನ್ನೊಬ್ಬರು ಖಂಡಿಸಿರುವ ವಾದಗಳಿವೆ. ಮನೆಯಲ್ಲಿ ಇದನ್ನು ಕೇಳಿದ ತಾಯಿತಂದೆಗಳಿಗೆ ಸ್ವಲ್ಪ ಕಳವಳವಾಗುವುದು ಸಹಜ. ಓದಿ ಓದಿ ಮಗಳು ಎಲ್ಲಕ್ಕೂ ಏಕೆ ಎಂದು ಕೇಳಲು ಕಲಿತಳು. ಇನ್ನು ಅವಳ ನಡತೆಯು ನಿಂತೀತೇ ಎಂದು ಅವರು ಚಿಂತಿಸುವರು. ಈ ಕಳವಳವು ಹಗುರವಾದುದಲ್ಲ. ಆದಕಾರಣ ಈ ಎರಡು ಪಾಠಗಳಿಗೆ ಇರುವ ಭೇದವೇನು, ಸಂಬಂಧವೇನು ಎಂಬುದನ್ನು ಇಲ್ಲಿ ವಿಚಾರಿಸುವೆನು.

ಮೊದಲು ಪದಗಳನ್ನು ನೋಡೋಣ. ಇಂಗ್ಲಿಷಿನ ಎಥಿಕ್ಸ್ ಎಂಬ ಪದವು ಗ್ರೀಕ್ ಭಾಷೆಯಿಂದಲೂ, ಮೊರಾಲಿಟಿ ಎಂಬುದು ಲ್ಯಾಟಿನ್ ಭಾಷೆಯಿಂದಲೂ ಬಂದಿವೆ. ಗ್ರೀಕರಲ್ಲಿ ಏಥೊಸ್ ಎಂದರೆ ಶೀಲ. ಅದನ್ನೇ ಹ್ರಸ್ವವಾಗಿ ಎಥೊಸ್ ಎಂದರೆ ಅಭ್ಯಾಸ, ರೂಢಿ. ಕ್ರಿಸ್ತಪೂರ್ವ ೪ನೆಯ ಶತಮಾನದ ಅರಿಸ್ಟಾಟಲನು ಈ ಎರಡರ ನಂಟನ್ನು ತಾನೇ ಎತ್ತಿ ತೋರಿಸಿ, ಶೀಲವು ಅಭ್ಯಾಸದಿಂದ ಹುಟ್ಟತಕ್ಕದ್ದೆಂದು ವಾದಿಸಿದನು. ಕ್ರಿಸ್ತಪೂರ್ವ ೧ನೆಯ ಶತಮಾನದಲ್ಲಿ ರೋಮಿನ ಸಿಸಿರೋ ಎಂಬ ವಾಗ್ಮಿಯು ಗ್ರೀಕರ ಈ ಶಾಸ್ತ್ರವನ್ನು ತನ್ನ ಭಾಷೆಗೆ ತರುವಾಗ, ರೂಢಿಯೆಂಬರ್ಥವುಳ್ಳ ಮೋಸ್ ಎಂಬ ಲ್ಯಾಟಿನ್ ಪದದಿಂದ ಮೊರಾಲಿಸ್ ಎಂಬ ಹೊಸ ಶಬ್ದವನ್ನು ಕಟ್ಟಿದನು. ಹೀಗಿರಲಾಗಿ ಈ ಎರಡೂ ಹುಟ್ಟಿನಲ್ಲಿ ಒಂದೇ ಅರ್ಥದವು. ಒಂದು ಮತ್ತೊಂದರ ಭಾಷಾಂತರವೇ ಸರಿ. ಇವುಗಳಲ್ಲಿ ಭೇದವನ್ನು ಕಲ್ಪಿಸಿದ್ದು ಮುಂದಿನವರ ಬಳಕೆ. ಒಂದು ಜನಾಂಗವು ಅಥವಾ ಒಬ್ಬ ವ್ಯಕ್ತಿಯು ಸರಿಯೆಂದು ನಂಬಿ ನಡೆಯುವ ಕಟ್ಟುಪಾಡುಗಳೂ ಗುಣಗಳೂ ಮೊರಾಲಿಟಿ. ಅವು ಸರಿಯೇ, ಸರಿಯಾದರೆ ಏತಕ್ಕೆ ಸರಿ ಎಂದು ಪರೀಕ್ಷಿಸುವ ವಿಚಾರವು ಎಥಿಕ್ಸ್. ಈ ಭೇದವನ್ನು ಎಲ್ಲರೂ ಪಾಲಿಸುವರೆಂದು ಹೇಳಲಾರೆನು. ವೈದ್ಯರಿಗೂ ವಕೀಲರಿಗೂ ಏರ್ಪಟ್ಟಿರುವ ವೃತ್ತಿನಿಯಮಗಳನ್ನು ಸಹ ಎಥಿಕ್ಸ್ ಎಂದೇ ಕರೆಯುವುದುಂಟು. ಪಂಡಿತರಲ್ಲಿಯೂ ಅನೇಕರು ಎರಡನ್ನೂ ಒಂದಕ್ಕೊಂದು ಬದಲಾಗಿ ಬಳಸುವರು.

ನಮ್ಮ ಭಾಷೆಯ ಪದಗಳು ಇದಕ್ಕಿಂತ ಹೆಚ್ಚು ಸಹಾಯಕವಾಗಿವೆಯೆಂದು ನನಗೆ ತೋರುತ್ತದೆ. ನಡತೆ, ನಡವಳಿಕೆ ಎಂಬಿವು ನಡೆ ಎಂಬ ಕನ್ನಡ ಧಾತುವಿನಿಂದ ಬಂದವು. ಕಾಲಿನಿಂದ ಹೆಜ್ಜೆಯಿಡುವುದೇ ಅದರ ಮೂಲಾರ್ಥ. ನೀತಿಯೆಂಬುದು ನೀ ಎಂಬ ಸಂಸ್ಕೃತ ಧಾತುವಿನಿಂದ ಬಂದದ್ದು; ಕರೆದೊಯ್ಯುವುದು ಅದರ ಅರ್ಥ. ನಾಯಕ, ನೇತ್ರ ಎಂಬ ಪದಗಳೂ ಆ ಧಾತುವಿನ ಮಕ್ಕಳೇ. ನಡೆಯುವುದೊಂದು, ಎತ್ತ ನಡೆಯಬೇಕೆಂದು ನೋಡಿ ಕರೆದೊಯ್ಯುವುದೊಂದು. ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೋಧಿಸಲ್ಪಡುವ ವಿನಯವೆಂಬ ಗುಣದ ಹೆಸರು ಸಹ ಇದೇ ನೀ ಧಾತುವಿನಿಂದ ಹುಟ್ಟಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುವೆನು. ತಲೆ ತಗ್ಗಿಸಿ ಸುಮ್ಮನಿರುವುದಷ್ಟೇ ಅದರ ಅರ್ಥವಲ್ಲ, ಒಳ್ಳೆಯ ಶಿಕ್ಷಣದಿಂದ ತಿದ್ದಲ್ಪಡುವುದು ಅದರ ಅರ್ಥ. ಈ ಲೇಖನದಲ್ಲಿ ಮೊರಾಲಿಟಿಗೆ ನಡತೆಯೆಂದೂ ಎಥಿಕ್ಸಿಗೆ ನೀತಿವಿಚಾರವೆಂದೂ ಬಳಸುವೆನು.

ಇವೆರಡರ ಸಂಬಂಧವನ್ನು ಶಾಲೆಯಲ್ಲಿ ಕಲಿತವರು ವ್ಯಾಕರಣದ ದೃಷ್ಟಾಂತದಿಂದ ಸುಲಭವಾಗಿ ಗ್ರಹಿಸಬಹುದು. ಮಗುವು ಕನ್ನಡವನ್ನು ತಾಯಿಯ ತೊಡೆಯ ಮೇಲೆ ಕಲಿಯುತ್ತದೆ; ವಿಭಕ್ತಿಪ್ರತ್ಯಯಗಳ ಹೆಸರು ಅದಕ್ಕೆ ತಿಳಿಯದು, ಆದರೂ ತಪ್ಪಿಲ್ಲದೆ ಮಾತಾಡುತ್ತದೆ. ಪಂಪನು ತನ್ನ ಕಾವ್ಯಗಳನ್ನು ರಚಿಸಿದ್ದು ೧೦ನೆಯ ಶತಮಾನದಲ್ಲಿ. ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆದದ್ದು ೧೩ನೆಯ ಶತಮಾನದಲ್ಲಿ. ಹಿಂದಿನ ಕವಿಗಳ ಪ್ರಯೋಗಗಳನ್ನೇ ಆಧಾರವಾಗಿಟ್ಟುಕೊಂಡು ಕೇಶಿರಾಜನು ಸೂತ್ರಗಳನ್ನು ಹೇಳಿದನು. (ಆ ಗ್ರಂಥವನ್ನು ೧೮೭೨ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದವರು ಕಿಟ್ಟೆಲ್ ಪಾದ್ರಿಗಳೆಂಬುದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು.) ಅದರಂತೆಯೇ ಮನುಷ್ಯರು ಮೊದಲು ಒಳ್ಳೆಯವರಾಗಿ ನಡೆಯಲು ಕಲಿತರು, ಒಳ್ಳೆಯದೆಂದರೇನು ಎಂಬ ಶಾಸ್ತ್ರವು ಆಮೇಲೆ ಬಂದಿತು. ವ್ಯಾಕರಣವನ್ನು ಓದಿ ಯಾರೂ ಮಾತು ಕಲಿತಿಲ್ಲ. ನೀತಿಶಾಸ್ತ್ರವನ್ನು ಓದಿ ಯಾರೂ ಸತ್ಯವಂತರಾಗಿಲ್ಲ. ಅರಿಸ್ಟಾಟಲನು ಇದನ್ನು ಬಹಳ ಒತ್ತಿ ಹೇಳಿರುವನು. ವೀಣೆಯನ್ನು ಬಾರಿಸಿ ಬಾರಿಸಿಯೇ ವೈಣಿಕರಾಗುವಂತೆ, ನ್ಯಾಯವಾದ ಕೆಲಸಗಳನ್ನು ಮಾಡಿ ಮಾಡಿಯೇ ನ್ಯಾಯವಂತರಾಗುವರೆಂಬುದು ಅವನ ಮತ. ಚಿಕ್ಕಂದಿನಿಂದ ಒಳ್ಳೆಯ ಅಭ್ಯಾಸದಲ್ಲಿ ಬೆಳೆಯದವನಿಗೆ ಈ ಶಾಸ್ತ್ರದ ಉಪನ್ಯಾಸಗಳಿಂದ ಪ್ರಯೋಜನವಿಲ್ಲವೆಂತಲೂ ಅವನು ಎಚ್ಚರಿಸಿದ್ದಾನೆ. ಆದ್ದರಿಂದ ಕಾಲೇಜಿನ ಪಾಠವು ಶಾಲೆಯ ಪಾಠಕ್ಕೆ ಬದಲಾಗಿ ನಿಲ್ಲಲಾರದು.

ಆದರೆ ಈ ದೃಷ್ಟಾಂತವು ಒಂದು ಕಡೆಯಲ್ಲಿ ಮುರಿಯುತ್ತದೆ, ಮುಖ್ಯವಾದ ವಿಷಯವೂ ಅಲ್ಲಿಯೇ ಇದೆ. ಜನರೆಲ್ಲರೂ ಒಂದು ಪದವನ್ನು ಒಂದು ರೀತಿಯಲ್ಲಿ ಬಳಸತೊಡಗಿದರೆ ವೈಯಾಕರಣನು ಇಂದಲ್ಲ ನಾಳೆ ಅದಕ್ಕೆ ತಲೆಬಾಗಲೇಬೇಕು. ನೀತಿವಿಚಾರ ಮಾಡುವವರು ಹಾಗೆ ತಲೆಬಾಗಬೇಕಾಗಿಲ್ಲ. ಊರೆಲ್ಲವೂ ಒಂದು ಕೆಲಸವನ್ನು ನೂರು ವರ್ಷಗಳಿಂದ ಸರಿಯೆಂದು ಮಾಡುತ್ತಿದ್ದರೂ ಅದು ತಪ್ಪೆಂದು ಹೇಳುವ ಅಧಿಕಾರವು ಅವರಿಗುಂಟು, ಕಾರಣವನ್ನು ತೋರಿಸಿದರೆ ಮಾತ್ರ.

ಎಷ್ಟೋ ಸಂಭಾವಿತ ಮನೆಗಳಲ್ಲಿ ಇಂದಿಗೂ, ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಕಾಫಿ ಕೊಡುವ ಲೋಟವು ಬೇರೆಯಾಗಿ, ಹಿತ್ತಲ ಕಿಟಕಿಯಲ್ಲಿಯೋ ಬಚ್ಚಲ ಗೂಡಿನಲ್ಲಿಯೋ ಇರುತ್ತದೆ. ಆ ಮನೆಯವರು ಕೆಟ್ಟವರಲ್ಲ; ಹಬ್ಬಕ್ಕೆ ಸೀರೆ ಕೊಡುವರು, ಕಾಯಿಲೆಯಾದರೆ ಔಷಧಕ್ಕೆ ಹಣ ಕೊಡುವರು. ಒಂದು ದಿನ ಮಗಳು, ‘ಅಮ್ಮಾ, ಅವರಿಗೇಕೆ ಬೇರೆ ಲೋಟ?’ ಎಂದು ಕೇಳಿದರೆ ಬರುವ ಉತ್ತರಗಳು ಎಲ್ಲರಿಗೂ ಗೊತ್ತು. ಶುಚಿಗೋಸ್ಕರವೆಂದರೆ, ಆ ಹೆಂಗಸು ಬೆಳಗಿದ ತಟ್ಟೆಯಲ್ಲಿಯೇ ಮನೆಯವರೆಲ್ಲರೂ ಉಣ್ಣುತ್ತಿರುವರು. ಹಿಂದಿನಿಂದ ಹಾಗೆಯೇ ನಡೆದುಬಂದಿದೆಯೆಂದರೆ, ಅದು ಚರಿತ್ರೆಯಾಯಿತೇ ಹೊರತು ಕಾರಣವಾಗಲಿಲ್ಲ. ಆಕೆಗೇ ಬೇಸರವಿಲ್ಲ, ನಿನಗೇಕೆ ಎಂಬುದು ಮೂರನೆಯ ಉತ್ತರ. ಆಕೆಯನ್ನು ಕೇಳಿದವರಾರು? ಕೇಳಿದರೂ, ಸಂಬಳ ಕೊಡುವವರ ಎದುರಿನಲ್ಲಿ ನಿಂತು ಬೇಸರವುಂಟೆಂದು ಹೇಳುವ ಶಕ್ತಿಯು ಆಕೆಗುಂಟೇ? ಇಲ್ಲಿ ಮಗಳು ನಡತೆಗೆಟ್ಟು ಮಾತನಾಡಲಿಲ್ಲ. ಎಲ್ಲರನ್ನೂ ಸಮನಾಗಿ ಕಾಣಬೇಕೆಂದು ಶಾಲೆಯಲ್ಲಿ ಕಲಿತ ನಡತೆಯೇ, ಮನೆಯಲ್ಲಿ ಕಂಡ ನಡತೆಯನ್ನು ಪ್ರಶ್ನಿಸಿತು. ನೀತಿವಿಚಾರವು ಹುಟ್ಟುವುದೇ ಹೀಗೆ, ನಮ್ಮ ಒಂದು ರೂಢಿಯು ನಮ್ಮದೇ ಇನ್ನೊಂದಕ್ಕೆ ತಾಗಿದಾಗ.

ಲೋಟದ ಮಾತು ಚಿಕ್ಕದೆಂದು ತೋರುವವರಿಗಾಗಿ, ಇದೇ ಬಗೆಯ ಪ್ರಶ್ನೆಯು ಒಬ್ಬ ತರುಣಿಯ ಇಡೀ ಬಾಳಿನ ಮೇಲೆ ಬಂದು ನಿಂತ ಒಂದು ಪ್ರಸಂಗವನ್ನು ತುಸು ವಿಸ್ತಾರವಾಗಿ ಹೇಳುವೆನು. ಇದು ೧೯ನೆಯ ಶತಮಾನದಲ್ಲಿ ಮುಂಬಯಿ ನಗರದಲ್ಲಿ ನಡೆದದ್ದು.

ರುಖ್ಮಾಬಾಯಿಯವರು ೧೮೬೪ರಲ್ಲಿ ಹುಟ್ಟಿದರು. ತಂದೆಯು ಬೇಗನೆ ತೀರಿಕೊಳ್ಳಲು, ತಾಯಿ ಜಯಂತೀಬಾಯಿಯವರು ಡಾಕ್ಟರ್ ಸಖಾರಾಮ ಅರ್ಜುನರೆಂಬ ವೈದ್ಯರನ್ನು ಮರುವಿವಾಹವಾದರು. ಅವರ ಜಾತಿಯಲ್ಲಿ ವಿಧವೆಯರ ವಿವಾಹಕ್ಕೆ ಅಡ್ಡಿಯಿರಲಿಲ್ಲ. ರುಖ್ಮಾಬಾಯಿಗೆ ೧೧ ವರ್ಷವಾದಾಗ ದಾದಾಜಿ ಭಿಕಾಜಿಯೆಂಬಾತನೊಡನೆ ಮದುವೆಯಾಯಿತು. ಹುಡುಗಿಯು ತಾಯಿಯ ಮನೆಯಲ್ಲಿಯೇ ಉಳಿದಳು. ಫ್ರೀ ಚರ್ಚ್ ಮಿಶನ್ನಿನ ಪುಸ್ತಕಭಂಡಾರದಿಂದ ಪುಸ್ತಕಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಓದಿದಳು. ಅತ್ತ ದಾದಾಜಿಯು ವಿದ್ಯೆಯನ್ನೂ ಕಲಿಯದೆ ಉದ್ಯೋಗವನ್ನೂ ಹಿಡಿಯದೆ ಕಾಲಕಳೆದನು. ೧೮೮೪ರಲ್ಲಿ ಆತನು ಹೆಂಡತಿಯನ್ನು ತನ್ನ ಮನೆಗೆ ಕಳುಹಿಸಬೇಕೆಂದು ವಕೀಲರ ಮೂಲಕ ಕೇಳಿದನು. ಇಪ್ಪತ್ತರ ಆಸುಪಾಸಿನಲ್ಲಿದ್ದ ರುಖ್ಮಾಬಾಯಿಯು ಹೋಗಲೊಲ್ಲೆನೆಂದಳು. ವ್ಯಾಜ್ಯವು ಮುಂಬಯಿಯ ಹೈಕೋರ್ಟಿಗೆ ಹೋಯಿತು.

ಆಕೆಯ ಮಾತಿನ ತಿರುಳು ಇಷ್ಟೇ: ತಿಳುವಳಿಕೆ ಬಾರದ ವಯಸ್ಸಿನಲ್ಲಿ, ತನ್ನನ್ನು ಕೇಳದೆ ಮಾಡಿದ ಮದುವೆಯು ತನ್ನನ್ನು ಕಟ್ಟಲಾರದು. ಇಂದು ಇದನ್ನು ಓದುವವರಿಗೆ ಇದರಲ್ಲಿ ವಿಶೇಷವೇನೂ ಕಾಣದಿರಬಹುದು. ಆ ಕಾಲದ ಜನರಿಗಾದರೋ ಇದು ಸಿಡಿಲಿನಂತೆ ಎರಗಿತು. ವಿವಾಹವೆಂಬುದು ಒಂದು ಸಂಸ್ಕಾರ. ಅದರಲ್ಲಿ ಕನ್ಯೆಯನ್ನು ದಾನ ಮಾಡುತ್ತಾರೆಯೇ ಹೊರತು ಕನ್ಯೆಯ ಒಪ್ಪಿಗೆಯನ್ನು ಯಾರು ಕೇಳುವರು? ಹಾಗೆ ಕೇಳತೊಡಗಿದರೆ ಯಾವ ಮನೆಯು ನಿಂತೀತು? ಹೀಗೆ ಕೇಳಿದವರು ದುಷ್ಟರಲ್ಲ. ಬಾಲಗಂಗಾಧರ ತಿಲಕರಂತಹ ವಿದ್ವಾಂಸರೂ ದೇಶಭಕ್ತರೂ ರುಖ್ಮಾಬಾಯಿಯ ಪಕ್ಷಕ್ಕೆ ವಿರೋಧವಾಗಿಯೇ ಬರೆದರು. ಎರಡು ಪಕ್ಷದವರೂ ತಾವು ಧರ್ಮದ ಕಡೆಗಿರುವೆವೆಂದೇ ನಂಬಿದ್ದರು. ಇತ್ತ ೧೮೮೫ರಲ್ಲಿ ‘ಹಿಂದೂ ಮಹಿಳೆ’ ಎಂಬ ಮರೆಹೆಸರಿನಿಂದ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಬಾಲ್ಯವಿವಾಹವನ್ನು ಕುರಿತ ಪತ್ರಗಳು ಪ್ರಕಟವಾದವು. ಬಾಲ್ಯವಿವಾಹದಿಂದ ಹೆಣ್ಣುಮಕ್ಕಳ ಓದು ಹೇಗೆ ನಿಲ್ಲುವುದು, ದೇಹವೂ ಮನಸ್ಸೂ ಹೇಗೆ ಕುಗ್ಗುವುವು ಎಂಬುದನ್ನು ಅನುಭವಿಸಿದವರೇ ಬರೆದ ಪತ್ರಗಳವು. ಬರೆದವರು ರುಖ್ಮಾಬಾಯಿಯೇ.

ಅದೇ ವರ್ಷ ನ್ಯಾಯಾಧೀಶ ಪಿನ್ಹೆಯವರು ಆಕೆಯ ಕಡೆಗೆ ತೀರ್ಪನ್ನಿತ್ತರು. ಅವರು ಹೇಳಿದ ಕಾರಣವು ಗಮನಿಸತಕ್ಕದ್ದು. ಗಂಡನು ಹೂಡಿದ್ದ ದಾವೆಯು ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯೆಂಬುದು. ಈ ಬಗೆಯ ದಾವೆಯು ಹಿಂದೂ ಧರ್ಮಶಾಸ್ತ್ರದ್ದಲ್ಲ. ಇಂಗ್ಲೆಂಡಿನ ಚರ್ಚಿನ ನ್ಯಾಯಸ್ಥಾನಗಳಲ್ಲಿ ಹುಟ್ಟಿ, ಇಂಗ್ಲಿಷರೊಡನೆ ಈ ದೇಶಕ್ಕೆ ಬಂದದ್ದು. ಅಲ್ಲದೆ ಇಬ್ಬರೂ ಒಂದು ದಿನವೂ ಕೂಡಿ ಸಂಸಾರ ಮಾಡದಿರುವಾಗ ಪುನಃಸ್ಥಾಪಿಸುವುದಾದರೂ ಏನನ್ನು? ಪುರಾತನ ಧರ್ಮಕ್ಕೆ ಚ್ಯುತಿ ಬಂದಿತೆಂದು ಕೂಗಿದವರು, ತಾವು ಕಾಪಾಡಲು ನಿಂತ ಆಯುಧವು ಪರದೇಶದ್ದೆಂಬುದನ್ನು ಗಮನಿಸಲಿಲ್ಲ. ೧೮೮೬ರಲ್ಲಿ ಮೇಲಿನ ಪೀಠವು ಪಿನ್ಹೆಯವರ ತೀರ್ಪನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳುಹಿಸಿತು. ೧೮೮೭ರ ಮಾರ್ಚಿಯಲ್ಲಿ ನ್ಯಾಯಾಧೀಶ ಫ್ಯಾರನ್ನರು, ಗಂಡನ ಮನೆಗೆ ಹೋಗತಕ್ಕದ್ದು, ಇಲ್ಲವಾದರೆ ಆರು ತಿಂಗಳ ಕಾರಾಗೃಹವಾಸವೆಂದು ಆಜ್ಞಾಪಿಸಿದರು. ಇಂಗ್ಲೆಂಡಿನಲ್ಲಿಯೇ ಈ ಅಪರಾಧಕ್ಕೆ ಸೆರೆಮನೆಯ ಶಿಕ್ಷೆಯು ೧೮೮೪ರಲ್ಲಿ ತೆಗೆದುಹಾಕಲ್ಪಟ್ಟಿತ್ತು! ರುಖ್ಮಾಬಾಯಿಯವರು ಗಂಡನ ಮನೆಗಿಂತ ಸೆರೆಮನೆಯೇ ಲೇಸೆಂದು ತಿಳಿಸಿದರು. ಕಡೆಗೆ ೧೮೮೮ರಲ್ಲಿ ದಾದಾಜಿಯು ೨,೦೦೦ ರೂಪಾಯಿಗಳನ್ನು ಪಡೆದು ತನ್ನ ಹಕ್ಕನ್ನು ಬಿಟ್ಟುಕೊಟ್ಟನು.

ಈ ವ್ಯಾಜ್ಯದಲ್ಲಿ ರೂಢಿ, ಕಾನೂನು, ನೀತಿವಿಚಾರ ಎಂಬ ಮೂರನ್ನೂ ಬೇರೆಬೇರೆಯಾಗಿ ಕಾಣಬಹುದು. ರೂಢಿಯು ಆಕೆಯ ವಿರುದ್ಧವಾಗಿತ್ತು. ಕಾನೂನು ಒಮ್ಮೆ ಆಕೆಯ ಕಡೆಗೂ ಒಮ್ಮೆ ಎದುರಾಗಿಯೂ ತಿರುಗಿತು. ಈ ಎರಡಕ್ಕೂ ಹೊರಗೆ, ಕಾರಣವನ್ನು ಕೇಳುವ ಒಂದು ಸ್ಥಳವು ಆಕೆಗೆ ಬೇಕಾಗಿತ್ತು. ನೀತಿವಿಚಾರವು ಅಂತಹ ಸ್ಥಳ. ಅಲ್ಲಿ ಸಹ ಒಂದೇ ಉತ್ತರವು ಸಿದ್ಧವಾಗಿ ಕುಳಿತಿರುವುದಿಲ್ಲ. ಇಂಗ್ಲೆಂಡಿನ ಜಾನ್ ಸ್ಟುಅರ್ಟ್ ಮಿಲ್ಲನ ಮತದವರು ಫಲವನ್ನು ನೋಡಬೇಕೆನ್ನುವರು. ಯಾವ ಏರ್ಪಾಡಿನಿಂದ ಜನರ ಸುಖವು ಹೆಚ್ಚುವುದೋ ದುಃಖವು ಕಡಿಮೆಯಾಗುವುದೋ ಅದು ಸರಿ. ೧೮೮೯ರಲ್ಲಿ ಕಲಕತ್ತೆಯ ಫೂಲ್‌ಮಣಿಯೆಂಬ ಹತ್ತು ಹನ್ನೊಂದು ವರ್ಷದ ಬಾಲಿಕೆಯು ಗಂಡನ ಬಲಾತ್ಕಾರದಿಂದ ಮೃತಳಾದುದನ್ನು ನೆನೆದರೆ ಈ ಲೆಕ್ಕವನ್ನು ಹಾಕಲು ಹೆಚ್ಚು ಹೊತ್ತು ಬೇಡ. (ಸಮ್ಮತಿಯ ವಯಸ್ಸನ್ನು ೧೦ರಿಂದ ೧೨ಕ್ಕೆ ಏರಿಸಿದ ೧೮೯೧ರ ಕಾಯಿದೆಗೆ ಈ ದುರ್ಮರಣವೂ ರುಖ್ಮಾಬಾಯಿಯ ವ್ಯಾಜ್ಯವೂ ಹಿನ್ನೆಲೆಯಾಗಿದ್ದವು.) ಆದರೆ ಫಲವನ್ನಷ್ಟೇ ನೋಡುವುದರಲ್ಲಿ ಒಂದು ಅಪಾಯವುಂಟು. ಒಬ್ಬಳ ದುಃಖದಿಂದ ಎರಡು ಮನೆತನಗಳಿಗೂ ಒಂದು ಜಾತಿಗೂ ಸಮಾಧಾನವಾಗುವುದಾದರೆ ಆ ಒಬ್ಬಳು ಸಹಿಸಲಿ ಎಂದು ಯಾರಾದರೂ ಲೆಕ್ಕ ಹಾಕಿಯಾರು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕವನ್ನು ಎಷ್ಟು ಸಲ ಹಾಕಿಲ್ಲ! ಇದಕ್ಕೆ ಜರ್ಮನ್ ತತ್ತ್ವಜ್ಞಾನಿಯಾದ ಇಮ್ಯಾನುಯೆಲ್ ಕಾಂಟನು ೧೭೮೫ರ ತನ್ನ ಗ್ರಂಥದಲ್ಲಿ ಅಡ್ಡಗೋಡೆಯೊಂದನ್ನು ಕಟ್ಟಿದ್ದಾನೆ. ಯಾವ ಮನುಷ್ಯನನ್ನೂ ಬರಿಯ ಸಾಧನವನ್ನಾಗಿ ಬಳಸಕೂಡದು ಎಂಬುದು ಅವನ ಸಿದ್ಧಾಂತ. ನನಗಾದರೋ ರುಖ್ಮಾಬಾಯಿಯ ಪ್ರಶ್ನೆಗೆ ಇದೇ ಹೆಚ್ಚು ಹತ್ತಿರವಾದ ಉತ್ತರವೆಂದು ತೋರುತ್ತದೆ. ಮದುವೆಯಿಂದ ದುಃಖವಾಗುವುದೆಂದಷ್ಟೇ ಆಕೆ ಹೇಳಲಿಲ್ಲ, ತನ್ನನ್ನು ಕೇಳಲಿಲ್ಲವೆಂದು ಹೇಳಿದಳು.

ನಮ್ಮ ನಾಡಿನಲ್ಲಿಯೂ ಈ ಚರ್ಚೆಯ ಅಲೆಗಳು ಬಡಿಯದಿರಲಿಲ್ಲ. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಬಾಲ್ಯವಿವಾಹ ನಿರೋಧಕ ಕಾನೂನನ್ನು ಮಾಡಿ, ೮ ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ೫೦ ವರ್ಷ ದಾಟಿದ ಗಂಡಸರು ೧೪ ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ವರ್ಷವೆಂಬ ಮಿತಿಯನ್ನು ಕೇಳಿ ಇಂದಿನ ತಾಯಂದಿರು ಬೆರಗಾಗುವರು. ಅಂದಿನ ಅನೇಕರಿಗೆ ಅದೂ ಅತಿಯೆನಿಸಿತ್ತು. ೧೯೨೯ರ ಶಾರದಾ ಕಾಯಿದೆಯು ಹುಡುಗಿಯರಿಗೆ ೧೪ ವರ್ಷವನ್ನು ಗೊತ್ತುಮಾಡಿತು. ೧೯೭೮ರಲ್ಲಿ ಅದು ೧೮ ಆಯಿತು. ೨೦೦೬ರಲ್ಲಿ ಹಳೆಯ ಕಾಯಿದೆಯ ಸ್ಥಾನದಲ್ಲಿ ಹೊಸದು ಬಂದಿತು. ಕಾಯಿದೆಯಿದ್ದರೂ ಬಾಲ್ಯವಿವಾಹವು ಪೂರ್ತಿಯಾಗಿ ನಿಂತಿಲ್ಲವೆಂಬುದು ಖೇದದ ಸಂಗತಿ. ಆದರೂ ಇಂದು ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ, ಹನ್ನೊಂದು ವರ್ಷದ ಹುಡುಗಿಗೆ ಮದುವೆ ಮಾಡೋಣವೆಂದರೆ ವಾದವೇ ಬೇಕಾಗುವುದಿಲ್ಲ. ಕೇಳಿದವರ ಮೈ ಜುಮ್ಮೆನ್ನುವುದು. ಕಾಂಟನನ್ನೂ ಮಿಲ್ಲನನ್ನೂ ಅವರು ಓದಿರಬೇಕಾಗಿಲ್ಲ. ನೂರಮೂವತ್ತು ವರ್ಷಗಳ ಹಿಂದೆ ಕೆಲವರು ಬೈಗುಳಗಳನ್ನು ಸಹಿಸಿ ಮಾಡಿದ ವಿಚಾರವು ಇಂದು ರೂಢಿಯಾಗಿ, ನಡತೆಯಾಗಿ, ಲಜ್ಜೆಯಾಗಿ ನಮ್ಮೊಳಗೆ ಇಳಿದುಬಿಟ್ಟಿದೆ. ನಡತೆಯಿಂದ ವಿಚಾರವು ಹುಟ್ಟುವಂತೆಯೇ ವಿಚಾರವು ಮರಳಿ ನಡತೆಯಾಗುವುದು ಹೀಗೆ. ಇದರಲ್ಲಿ ಒಂದು ಕೊರತೆಯೂ ಉಂಟು: ರೂಢಿಯಾದ ಮೇಲೆ ಕಾರಣವು ಮರೆತುಹೋಗುತ್ತದೆ. ಹನ್ನೊಂದಕ್ಕೆ ಮದುವೆ ತಪ್ಪೆಂದು ಬಲ್ಲ ಮನೆಯವರೇ, ಇಪ್ಪತ್ತೊಂದರ ಮಗಳನ್ನು ಕೇಳದೆ ಲಗ್ನವನ್ನು ನಿಶ್ಚಯಿಸುವುದನ್ನು ನಾವು ಕಂಡಿಲ್ಲವೇ? ವಯಸ್ಸಿನ ಅಂಕಿಯು ನೆನಪಿನಲ್ಲಿ ಉಳಿಯಿತು, ಕೇಳಬೇಕೆಂಬ ತತ್ತ್ವವು ಉಳಿಯಲಿಲ್ಲ.

ಕಾನೂನಿನ ಮಾತನ್ನೂ ಹೇಳಿ ಮುಗಿಸುವೆನು. ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯೆಂಬ ಆ ದಾವೆಯನ್ನು ಇಂಗ್ಲೆಂಡು ೧೯೭೦ರಲ್ಲಿ ಪೂರ್ತಿಯಾಗಿ ಕೈಬಿಟ್ಟಿತು. ನಮ್ಮ ದೇಶದಲ್ಲಿ ಅದು ೧೯೫೫ರ ಹಿಂದೂ ವಿವಾಹ ಕಾಯಿದೆಯ ೯ನೆಯ ವಿಧಿಯಾಗಿ ಸೇರಿತು. ಆಂಧ್ರಪ್ರದೇಶದ ಹೈಕೋರ್ಟು ೧೯೮೩ರಲ್ಲಿ ಅದು ಸಂವಿಧಾನಕ್ಕೆ ವಿರುದ್ಧವೆಂದಿತು; ಮರುವರ್ಷ ಸುಪ್ರೀಮ್ ಕೋರ್ಟು ಅದನ್ನು ಎತ್ತಿಹಿಡಿಯಿತು.

ಇನ್ನು ತಾಯಿತಂದೆಗಳ ಕಳವಳಕ್ಕೆ ಬರೋಣ. ಏಕೆ ಎಂದು ಕೇಳುವ ಎಲ್ಲ ಪ್ರಶ್ನೆಗಳೂ ನೀತಿವಿಚಾರವಲ್ಲವೆಂಬುದನ್ನು ಒಪ್ಪಲೇಬೇಕು. ಪಾತ್ರೆ ತೊಳೆಯುವ ಸರದಿ ತನ್ನದಾದಾಗ ಮಾತ್ರ ಏಕೆ ಎನ್ನುವ ಮಗಳು ತತ್ತ್ವಜ್ಞಾನಿಯಲ್ಲ. ತನಗೊಬ್ಬಳಿಗೆ ವಿನಾಯಿತಿಯನ್ನು ಬೇಡುವವಳಾರು, ಎಲ್ಲರಿಗೂ ಸಲ್ಲುವ ಕಾರಣವನ್ನು ಬೇಡುವವಳಾರು ಎಂದು ನೋಡಿದರೆ ಭೇದವು ತಿಳಿಯುತ್ತದೆ. ‘ತಮ್ಮನಿಗೂ ಪಾತ್ರೆ ತೊಳೆಯುವ ಸರದಿ ಏಕಿಲ್ಲ?’ ಎಂದು ಕೇಳಿದರೆ ಅದು ಎರಡನೆಯ ಬಗೆಯದು; ಅದಕ್ಕೆ ಉತ್ತರ ಕೊಡುವ ಹೊಣೆಯು ಹಿರಿಯರದು. ಉತ್ತರವಿಲ್ಲದಾಗ ಗದರಿಸಿ ಬಾಯಿಮುಚ್ಚಿಸುವುದಕ್ಕೆ ವಿನಯವನ್ನು ಕಲಿಸಿದೆವೆಂದು ಹೆಸರಿಡುವುದು ಆ ಪದಕ್ಕೆ ಮಾಡುವ ಅನ್ಯಾಯ. ಹಾಗೆಯೇ ಕಾಲೇಜಿನ ವಾದಗಳೆಲ್ಲವನ್ನೂ ಬಾಯಿಪಾಠ ಮಾಡಿ, ತರಕಾರಿಯವಳು ತಪ್ಪಿ ಹೆಚ್ಚು ಕೊಟ್ಟ ಚಿಲ್ಲರೆಯನ್ನು ಸುಮ್ಮನೆ ಪರ್ಸಿಗೆ ಸೇರಿಸುವವಳ ಪಾಂಡಿತ್ಯವನ್ನು ಏನೆಂದು ಕರೆಯುವುದೋ ವಾಚಕರೇ ಹೇಳಲಿ.

ರುಖ್ಮಾಬಾಯಿಯವರು ಮುಂದೇನಾದರು ಎಂಬುದನ್ನು ತಿಳಿಯಲು ನಮ್ಮ ಹಳೆಯ ವಿದ್ಯಾರ್ಥಿನಿಯರು ಇಚ್ಛಿಸುವರು. ಮುಂಬಯಿಯ ಕಾಮಾ ಆಸ್ಪತ್ರೆಯ ಡಾಕ್ಟರ್ ಎಡಿತ್ ಪೀಚಿಯವರ ನೆರವಿನಿಂದ ಅವರು ೧೮೮೯ರಲ್ಲಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಸ್ತ್ರೀಯರ ವೈದ್ಯಶಾಲೆಯಲ್ಲಿ ಓದಿ ಡಾಕ್ಟರಾಗಿ ಹಿಂದಿರುಗಿದರು. ಸೂರತ್ತಿನಲ್ಲಿಯೂ ಆಮೇಲೆ ರಾಜಕೋಟೆಯಲ್ಲಿಯೂ ಸ್ತ್ರೀಯರ ಆಸ್ಪತ್ರೆಗಳಲ್ಲಿ ಹಲವು ದಶಕಗಳ ಕಾಲ ಸೇವೆ ಸಲ್ಲಿಸಿದರು. ನಿವೃತ್ತರಾದ ಬಳಿಕ ಪರದಾ ಪದ್ಧತಿಯನ್ನು ತೆಗೆದುಹಾಕಬೇಕೆಂದು ಒಂದು ಕಿರುಹೊತ್ತಗೆಯನ್ನು ಬರೆದರು. ಅವರು ಮತ್ತೆ ಮದುವೆಯಾಗಲಿಲ್ಲ, ೧೯೫೫ರಲ್ಲಿ ತೀರಿಕೊಂಡರು. ಅವರ ಚರಿತ್ರೆಯನ್ನು ಬರೆದವರು ಇನ್ನೊಂದು ಸಂಗತಿಯನ್ನು ಹೇಳುತ್ತಾರೆ. ದಾದಾಜಿಯು ೧೯೦೪ರಲ್ಲಿ ಮೃತನಾದ ಸುದ್ದಿ ಬಂದಾಗ, ಯಾರ ಮನೆಗೆ ಹೋಗುವುದಕ್ಕಿಂತ ಸೆರೆಮನೆಯೇ ಲೇಸೆಂದಿದ್ದರೋ ಅವನಿಗಾಗಿ ರುಖ್ಮಾಬಾಯಿಯವರು ವಿಧವೆಯರ ಬಿಳಿಯ ಸೀರೆಯನ್ನುಟ್ಟರಂತೆ. ಅದನ್ನು ಉಡಬೇಕೆಂದು ಯಾವ ನ್ಯಾಯಸ್ಥಾನವೂ ಅವರಿಗೆ ಆಜ್ಞಾಪಿಸಿರಲಿಲ್ಲ.